ಸಭೆಗೆ ಮುಂಚೆ ಬರೆದ ನಡವಳಿ

ಸಿಂಚನಾ, ಹೊಸ ಕೆಲಸ ಸಿಕ್ಕಿತೆಂದು ನೀನು ಮೊನ್ನೆ ಪೇಡ ತಂದೆ. ಏನು ಕೆಲಸವೆಂದು ನಾನು ಕೇಳಿದೆ. “ಗೌರ್ಮೆಂಟು ಬಡವರಿಗೆ ಮನೆ ಕಟ್ಕೊಡತ್ತಲ್ಲ ಅಜ್ಜಿ, ಅಲ್ಲಿನ ಜನ ತಮ್ಮ ಮನೆ ವಿಷ್ಯ ತಾವೇ ಡಿಸೈಡ್ ಮಾಡೋ ಥರ ಮಾಡ್ಬೇಕು. ಅದೇ ನನ್ ಕೆಲ್ಸ” ಎಂದೆ. ಪೇಡ ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ನಿನ್ನ ತಮ್ಮ ತೇಜಸ್ ನೀರು ತಂದುಕೊಟ್ಟು, “ಅಜ್ಜಿನೂ ಅದೇ ಕೆಲ್ಸ ಮಾಡ್ತಿದ್ದಿದ್ದು ಕಣೇ” ಎಂದ. ನೀನು ನನ್ನನ್ನು ಮೇಲಿಂದ ಕೆಳಗೆ ನೋಡಿದೆ. ನೆಂಟರ ಮನೆಯಲ್ಲಿ ಎರಡನೇ ಸಲ ಅನ್ನ ಕೇಳಲು ನಾಚುವ ಮುದುಕಿ, ಜನರನ್ನು ಸೇರಿಸಿ ಮಾತಾಡಿಸುತ್ತಿದ್ದಳು ಎಂದರೆ ಯಾರಾದರೂ ನಂಬುವ ಮಾತೇ?

ನಂಬಬೇಡ. ನಾನು ಯಾರನ್ನೂ ಮಾತಾಡಿಸಲಿಲ್ಲ. ಅವರು ಮಾತಾಡಿದರು ಎಂದು ಬರೆಯುತ್ತಿದ್ದೆ. ಅದು ಹೇಗೆ ಎಂದು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಹಾಗಾಗಿ ಈ ನೋಟುಪುಸ್ತಕ. ತೇಜಸ್, ನೀನೂ ಓದು. ಯಾವ ಕಚೇರಿ ಎಂದು ಮಾತ್ರ ಬರೆಯುವುದಿಲ್ಲ. ಪಿಂಚಣಿ ಅಲ್ಲಿಂದಲೇ ಬರುತ್ತಿದೆ.

ನಿಮ್ಮ ತಾತ ಆ ಕಚೇರಿಯ ಜೀಪು ಓಡಿಸುತ್ತಿದ್ದರು. ಅವರು ಹೋದಾಗ ನಿಮ್ಮಪ್ಪ ಇನ್ನೂ ಚಿಕ್ಕವನು. ಅನುಕಂಪದ ಆಧಾರದ ಮೇಲೆ ನನಗೆ ಕೆಲಸ ಕೊಟ್ಟರು. ಮಧುಗಿರಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ್ದೆ. ಖಾಲಿ ಇದ್ದ ಹುದ್ದೆ ಒಂದೇ, ‘ಸಮುದಾಯ ಸಂಘಟಕಿ’. ಹತ್ತು ಜನರೆದುರು ನಿಂತು ಮಾತಾಡಬೇಕಾದ ಹುದ್ದೆಗೆ, ಹತ್ತು ಜನರನ್ನು ಕಂಡರೆ ಬಾಗಿಲ ಹಿಂದೆ ನಿಲ್ಲುವವಳನ್ನು ನೇಮಿಸಿದರು. ನೇಮಕಾತಿ ಆದೇಶದಲ್ಲಿ ನಿಮ್ಮ ತಾತನ ಹೆಸರು ಮೊದಲು, ನನ್ನ ಹೆಸರು ಆಮೇಲೆ. ಆ ಕಾಗದ ಇಂದಿಗೂ ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿದೆ.

ನನ್ನನ್ನು ಹಾಕಿದ್ದು ಕೊಡಿಗೇಹಳ್ಳಿಯ ಹಿಂದಿನ ವಸತಿ ಸಮುಚ್ಚಯಕ್ಕೆ. ಗುಡಿಸಲುಗಳನ್ನು ತೆಗೆದು ಅದೇ ಜಾಗದಲ್ಲಿ ನಾಲ್ಕು ಮಹಡಿಯ ಮೂರು ಕಟ್ಟಡ ಎಬ್ಬಿಸಿದ್ದರು. ಕಾಗದದಲ್ಲಿ ಅದರ ಹೆಸರು ಒಂದೂವರೆ ಸಾಲು ಉದ್ದ. ಜನ ‘ಕ್ವಾಟ್ರಸ್ಸು’ ಎನ್ನುತ್ತಿದ್ದರು. ಅಲ್ಲಿದ್ದವರಲ್ಲಿ ಅರ್ಧ ಜನ ತಳ್ಳುಗಾಡಿಯವರು. ಬೆಳಿಗ್ಗೆ ಗಾಡಿಯಲ್ಲಿ ಸೊಪ್ಪು, ಸೀಬೆಹಣ್ಣು, ಹೂವು ಹೇರಿಕೊಂಡು ಸಹಕಾರನಗರದ ಬೀದಿಗಳಿಗೆ ಹೋಗುತ್ತಿದ್ದರು. ಕಟ್ಟಡದ ತಳದಲ್ಲಿ ಕಂಬಗಳ ನಡುವೆ ಖಾಲಿ ಜಾಗವಿತ್ತು. ಎಂಜಿನಿಯರು ನಕ್ಷೆಯಲ್ಲಿ ಅಲ್ಲಿ ಕಾರುಗಳನ್ನು ಬರೆದಿದ್ದರು. ಕಾರು ಯಾರಿಗೂ ಇರಲಿಲ್ಲವಾಗಿ ತಳ್ಳುಗಾಡಿಗಳು ನಿಂತವು. ಒಂದೊಂದು ಗಾಡಿಗೆ ಒಂದೊಂದು ಕಂಬ, ಒಂದೊಂದು ಸರಪಳಿ, ಒಂದೊಂದು ಬೀಗ.

ನನಗೆ ಕೆಲಸ ಕಲಿಸಿದವರು ಮೇಲ್ವಿಚಾರಕರಾದ ಶಿವಪುತ್ರಪ್ಪನವರು. ಗದಗ ಕಡೆಯವರು. ಮನುಷ್ಯ ತುಂಬ ಒಳ್ಳೆಯವರು. ಕೆಟ್ಟ ಕೆಲಸವನ್ನು ಅಷ್ಟು ಪ್ರೀತಿಯಿಂದ ಕಲಿಸಿದವರನ್ನು ನಾನು ಮತ್ತೆ ಕಂಡಿಲ್ಲ. ಸೇರಿದ ಮೊದಲ ವಾರವೇ ದಪ್ಪ ರಟ್ಟಿನ ಒಂದು ಪುಸ್ತಕ ನನ್ನ ಮುಂದಿಟ್ಟರು. ನಿವಾಸಿಗಳ ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ಬರೆಯುವ ನಡವಳಿ ಪುಸ್ತಕ ಅದು.

“ಸಭೆ ಯಾವತ್ತು ಸಾರ್?” ಎಂದೆ.

“ಸಭಾ ಎಲ್ಲಿ ಓಡಿಹೋಗ್ತೈತ್ರಿ? ಮೊದಲು ನಡವಳಿ ಬರೀರಿ.”

“ಜನ ಏನು ಹೇಳ್ತಾರೋ ಗೊತ್ತಿಲ್ವಲ್ಲ ಸಾರ್?”

ಅವರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. “ಯವ್ವಾ, ಅಡಿಗಿ ಮಾಡೋ ಮುಂದ ಉಣ್ಣಾಕ ಬರೋರ ಹೊಟ್ಟಿ ಕೇಳ್ತೀರೇನು? ಮಾಡ್ರಿ, ಉಣ್ತಾರ.”

ಇದರ ಹಿಂದಿನ ತರ್ಕ ಆಮೇಲೆ ತಿಳಿಯಿತು. ಯಾವ ಕೆಲಸ ಮಂಜೂರಾಗಬೇಕಾದರೂ ನಿವಾಸಿಗಳ ಒಪ್ಪಿಗೆ ಲಗತ್ತಿಸಬೇಕು ಎಂದು ಮೇಲಿನವರ ಆದೇಶ. ಒಪ್ಪಿಗೆಗೆ ಸಭೆ ಬೇಕು. ಸಭೆ ಸೇರಿಸಿದರೆ ಜನ ಬಂದುಬಿಡುತ್ತಾರೆ, ಬಂದವರು ಸುಮ್ಮನಿರದೆ ಏನಾದರೂ ಕೇಳಿಬಿಡುತ್ತಾರೆ. ಆದ್ದರಿಂದ ಒಪ್ಪಿಗೆಯನ್ನು ಮೊದಲೇ ಬರೆದಿಟ್ಟು, ಆಮೇಲೆ ಸಹಿ ಮಾಡಿಸುವುದು ಪದ್ಧತಿ.

ಸಹಿಗೂ ಒಂದು ಪದ್ಧತಿ ಇತ್ತು. ವಾರಕ್ಕೆರಡು ದಿನ ನೀರಿನ ಟ್ಯಾಂಕರ್ ಬರುತ್ತಿತ್ತು. ಹೆಂಗಸರು ಬಿಂದಿಗೆ ಸಾಲಾಗಿಟ್ಟು ನಿಂತಿರುವಾಗ ನಾನು ಪುಸ್ತಕ ಹಿಡಿದು ಸಾಲಿನುದ್ದಕ್ಕೂ ಹೋಗುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ, ನಾಚಿಕೆ. ಅವರೂ ಏನೂ ಕೇಳುತ್ತಿರಲಿಲ್ಲ, ಬಿಂದಿಗೆ ಕಡೆ ಗಮನ. ಎಲ್ಲರೂ ಅದು ನೀರಿನ ಲೆಕ್ಕವೆಂದುಕೊಂಡು ಸಹಿ ಹಾಕುತ್ತಿದ್ದರು. ನನ್ನ ನಾಚಿಕೆಯನ್ನು ಕಚೇರಿ ಕಾರ್ಯದಕ್ಷತೆ ಎಂದು ಕರೆಯಿತು.

ಒಂದು ತಪ್ಪೊಪ್ಪಿಗೆ ಇಲ್ಲಿ ಬರೆಯಲೇಬೇಕು. ಆ ಬರವಣಿಗೆ ನನಗೆ ರುಚಿಸತೊಡಗಿತು. ಹಳ್ಳಿಯಲ್ಲಿ ಮೇಷ್ಟ್ರು ಮರಳಿನ ಮೇಲೆ ತಿದ್ದಿಸಿ ತಿದ್ದಿಸಿ ನನ್ನ ಅಕ್ಷರ ದುಂಡಗೆ ಮಾಡಿದ್ದರು. ಬಾಯಿ ಬಿಡಲಾಗದ ನಾನು ಕಾಗದದ ಮೇಲೆ ಎಲ್ಲರ ಬಾಯಾದೆ. ಕೂಲಿ ಮುಗಿಸಿ ಬಂದು ಮಲಗಿದ್ದವನು ನನ್ನ ಪುಸ್ತಕದಲ್ಲಿ ಎದ್ದು ನಿಂತು, “ಸ್ವಚ್ಛತೆಯು ನಮ್ಮೆಲ್ಲರ ಹೊಣೆಯೆಂದು ಮನಮುಟ್ಟುವಂತೆ ವಿವರಿಸಿದ”ನು. ಗಂಡನಿಗೆ ಬೈದುಕೊಂಡು ಪಾತ್ರೆ ತೊಳೆಯುತ್ತಿದ್ದವಳು “ಇಲಾಖೆಯ ಕಾರ್ಯವೈಖರಿಯನ್ನು ಮುಕ್ತಕಂಠದಿಂದ ಶ್ಲಾಘಿಸಿದ”ಳು. ಒಂದು ಪುಟ ಬರೆದು ಮುಗಿಸಿದರೆ ದೊಡ್ಡ ಸಭೆಯಲ್ಲಿ ಭಾಷಣ ಮಾಡಿ ಇಳಿದಷ್ಟು ಸುಸ್ತು, ಅಷ್ಟೇ ಸಂತೋಷ. ಬೇರೆ ವಿಭಾಗದವರು ಮಾದರಿಗೆಂದು ನನ್ನ ಪುಟಗಳನ್ನು ನಕಲು ಮಾಡಿಕೊಂಡು ಹೋಗುತ್ತಿದ್ದರು. ಹಾಗಾಗಿ ಹೆಬ್ಬಾಳದ ಆಚೆಯ ಕ್ವಾಟ್ರಸ್ಸಿನವರೂ ನನ್ನ ಕನ್ನಡದಲ್ಲೇ ಯೋಚಿಸುತ್ತಿದ್ದರು ಎಂದು ದಾಖಲೆಗಳಿಂದ ತಿಳಿದುಬರುತ್ತದೆ.

ಒಂದು ಸಲ ನಿಜವಾಗಿಯೂ ಜನರನ್ನು ಕೇಳಬೇಕು ಎಂದು ಆದೇಶ ಬಂತು. ಗೋಡೆಗೆ ಬಣ್ಣ ಬಳಿಯುವುದಿತ್ತು. ಯಾವ ಬಣ್ಣವೆಂದು ನಿವಾಸಿಗಳೇ ಆರಿಸಬೇಕು. ಶಿವಪುತ್ರಪ್ಪನವರು ಮೂರು ರಟ್ಟಿನ ತುಂಡು ಕೊಟ್ಟು ಕಳಿಸಿದರು. ಒಂದು ಹಳದಿ, ಒಂದು ತಿಳಿ ಹಳದಿ, ಇನ್ನೊಂದು ಸ್ವಲ್ಪ ಕೊಳೆಯಾದ ಹಳದಿ. ಹಳದಿ ಬಣ್ಣದ ಡಬ್ಬಗಳು ಆಗಲೇ ಗೋದಾಮಿನಲ್ಲಿದ್ದವು. ಸೊಪ್ಪು ಮಾರುವ ಪಿಳ್ಳಮ್ಮ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಅದೇ ಜಾಗದ ಗುಡಿಸಲಿನಲ್ಲಿ ಹುಟ್ಟಿದವಳು, ನಾಲಿಗೆ ಕುಡುಗೋಲು.

“ಅಲ್ಲ ಕಣಮ್ಮ, ಗ್ವಾಡೆಗೆ ಯಾವ್ ಬಣ್ಣ ಬೇಕು ಅಂತ ಇಷ್ಟ್ ದೂರ ಬಂದು ಕೇಳ್ತೀಯ. ಇಂದ್ಗಡೆ ಮೋರಿ ಕಟ್ಕೊಂಡು ಆರ್ ತಿಂಗ್ಳಾಯ್ತು, ಅದುನ್ನ ಕೇಳಾಕೆ ಒಬ್ರೂ ಬರ್ನಿಲ್ಲ. ಒಂದ್ ಕೆಲ್ಸ ಮಾಡು, ಮೋರೀಗೂ ಇದೇ ಬಣ್ಣ ಒಡುದ್ಬುಡು. ಒಳಗಿರಾದೂ ಇದೇ ಬಣ್ಣ, ಒಂದುಕ್ಕೊಂದು ಒಂದ್ಕತದೆ.”

ನಾನು ತಲೆ ಬಗ್ಗಿಸಿಕೊಂಡು ಬಂದು, “ಶ್ರೀಮತಿ ಪಿಳ್ಳಮ್ಮನವರು ಹಳದಿ ಬಣ್ಣವು ಪರಿಸರಕ್ಕೆ ಹೊಂದುತ್ತದೆಂದು ಅಭಿಪ್ರಾಯಪಟ್ಟರು” ಎಂದು ಬರೆದೆ. ನನ್ನ ಪುಟಗಳ ಪೈಕಿ ಸತ್ಯಕ್ಕೆ ಅತ್ಯಂತ ಹತ್ತಿರ ಬಂದದ್ದು ಅದೊಂದೇ.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ಪದ್ಧತಿ ಬದಲಾಯಿತು. ಸಲಹಾ ಸಂಸ್ಥೆಯೊಂದರಿಂದ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಬಣ್ಣಬಣ್ಣದ ಅಂಟುಚೀಟಿಗಳ ಕಟ್ಟು. ಹೆಂಗಸರನ್ನು ಕಟ್ಟಡದ ಕೆಳಗೆ ಕೂರಿಸಿ, ಬರೆಯಲು ಬಾರದವರು ಚಿತ್ರ ಬಿಡಿಸಿ, ನಿಮ್ಮ ಕನಸು ಏನು, ತೋರಿಸಿ ಎಂದಳು. ಅವಳು ಹಿಂದಿ ಇಂಗ್ಲಿಷ್ ಬೆರೆಸಿ ಹೇಳಿದ್ದನ್ನು ಮೆಹರುನ್ನೀಸಾ ಉಳಿದವರಿಗೆ ತಿಳಿಸಿದಳು.

ಮೆಹರುನ್ನೀಸಾಳ ಗಂಡ ಸೀಬೆಹಣ್ಣು ಮಾರುತ್ತಿದ್ದ. ನನ್ನನ್ನೂ ಸೇರಿಸಿ ಎಲ್ಲರೂ ಅವನನ್ನು ಬಾಬು ಭಾಯ್ ಎಂದೇ ಕರೆಯುತ್ತಿದ್ದೆವು. ಅವನು ತೀರಿಕೊಂಡು ಕೆಲವು ತಿಂಗಳಾಗಿತ್ತು. ಗಾಡಿಯನ್ನು ಈಗ ಇವಳೇ ತಳ್ಳುತ್ತಿದ್ದಳು. ಅಷ್ಟರಲ್ಲಿ ಯಾರೋ ಎರಡು ಗಾಡಿಗಳ ಚಕ್ರ ಬಿಚ್ಚಿಕೊಂಡು ಹೋಗಿದ್ದರು. ಹಾಗಾಗಿ ಕಂಬಗಳ ನಡುವೆ ಒಂದು ಕಬ್ಬಿಣದ ಬಾಗಿಲು ಹಾಕಿಸಿಕೊಡಿ ಎಂಬುದು ಅವಳ ಕನಸು. ಬಾಗಿಲು ಬಿಡಿಸಲು ಬರದೆ ಗಾಡಿ ಬಿಡಿಸಿದಳು. ಚಕ್ರ, ಹಿಡಿ, ಹಿಡಿಯ ಮೇಲೆ ಬಾಗಿ ನಿಂತ ಒಬ್ಬ ಹೆಂಗಸು. ಪಿಳ್ಳಮ್ಮ ತನ್ನ ಚೀಟಿಯಲ್ಲಿ ಸೋರುವ ನಲ್ಲಿ ಬರೆದಳು. ಯಾವ ಚಿತ್ರ ಏನೆಂದು ಕೇಳದೆ ಹುಡುಗಿ ಚೀಟಿಗಳನ್ನೆಲ್ಲ ಕಟ್ಟಿಕೊಂಡು ಹೋದಳು.

ಮೂರು ತಿಂಗಳ ಮೇಲೆ ನುಣುಪು ಕಾಗದದ ಇಂಗ್ಲಿಷ್ ವರದಿ ಬಂತು. ಶಿವಪುತ್ರಪ್ಪನವರು ಓದಿ ಹೇಳಿದರು. ಪಿಳ್ಳಮ್ಮನ ನಲ್ಲಿಯ ಕೆಳಗೆ ‘ಜಲಮೂಲಗಳ ಬಗ್ಗೆ ಮಹಿಳೆಯರ ಕಾಳಜಿ’ ಎಂದಿತ್ತು. ಮೆಹರುನ್ನೀಸಾಳ ಚಿತ್ರದ ಕೆಳಗೆ ‘ವ್ಯಾಯಾಮ ಯಂತ್ರಕ್ಕಾಗಿ ಮಹಿಳೆಯರ ಹಂಬಲ’ ಎಂದಿತ್ತು. ಬೆಳಗಿನಿಂದ ಸಂಜೆಯವರೆಗೆ ಗಾಡಿ ತಳ್ಳುವವಳಿಗೆ ವ್ಯಾಯಾಮ ಸಾಲದಾಗಿದೆ ಎಂದು ಕಂಡುಹಿಡಿದಿದ್ದರು. ಆದ್ದರಿಂದ ಕಂಬಗಳ ನಡುವಿನ ಜಾಗದಲ್ಲಿ ಜಿಮ್ ಮಾಡುವುದು, ಅದಕ್ಕೆ ಅಡ್ಡವಾಗಿರುವ ತಳ್ಳುಗಾಡಿಗಳನ್ನು ತೆಗೆಸುವುದು.

ಆ ಚಿತ್ರ ಬಿಡಿಸುವಾಗ ನಾನು ಪಕ್ಕದಲ್ಲೇ ಇದ್ದೆ. ಅದು ಗಾಡಿ ಎಂದು ನನಗೆ ಗೊತ್ತಿತ್ತು. ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಹೇಳಬಹುದು. ಅದು ನೆಪ. ಕನ್ನಡ ಚೆನ್ನಾಗಿ ಬರುವ ಶಿವಪುತ್ರಪ್ಪನವರಿಗೂ ನಾನು ಹೇಳಲಿಲ್ಲ.

“ಬರೀರಿ ಯವ್ವಾ” ಎಂದರು ಅವರು. “ಸೂಚಕರು ಒಬ್ಬಾಕಿ ಹೆಣ್ಮಗಳು ಇರ್ಲಿ, ಅನುಮೋದಕರು ಒಬ್ಬ ಗಂಡ್ಮಗ. ಸಮಾನತಾ ಕಾಣ್ಬೇಕು.”

ಸೂಚಕಿಯಾಗಿ ಪಿಳ್ಳಮ್ಮನನ್ನು ಹಾಕಿದೆ, ಅವಳ ಹೆಸರು ನನಗೆ ರೂಢಿಯಾಗಿತ್ತು. ಅನುಮೋದಕನಿಗಾಗಿ ಮನೆ ಹಂಚಿಕೆಯ ಪಟ್ಟಿಯ ಮೇಲೆ ಬೆರಳಿಟ್ಟೆ. ಬಿ ಬ್ಲಾಕ್, ಹದಿನಾಲ್ಕನೇ ಮನೆ, ಅಬ್ದುಲ್ ರಶೀದ್. ಹೆಸರು ಚೆನ್ನಾಗಿದೆ ಎನಿಸಿತು, ಬರೆದೆ. ಮಾರನೆಯ ದಿನ ಟ್ಯಾಂಕರ್ ಬಂತು. ಸಹಿಗಳೂ ಬಂದವು. ಪುಸ್ತಕದಲ್ಲಿ ಹದಿನಾಲ್ಕನೇ ಮನೆ ಎಂಬುದರ ಮುಂದೆ ಮೆಹರುನ್ನೀಸಾ ಎಂದು ಸಹಿ ಇತ್ತು. ಮನೆಯವರಲ್ಲಿ ಯಾರಾದರೊಬ್ಬರು ಹಾಕಿದರೆ ಸಾಕಾಗಿತ್ತು, ಹಾಗಾಗಿ ನಾನು ಅದರ ಬಗ್ಗೆ ಯೋಚಿಸಲಿಲ್ಲ.

ಹದಿನೈದು ದಿನಕ್ಕೆ ಎರಡು ವ್ಯಾಯಾಮ ಯಂತ್ರ ಬಂದು, ಹೊರಗಿನ ಎರಡು ಕಂಬಗಳ ಪಕ್ಕ ಕಾಂಕ್ರೀಟಿನಲ್ಲಿ ಕೂತವು. ಜೊತೆಗೆ ನೋಟೀಸು. “ನಿವಾಸಿಗಳ ಸರ್ವಾನುಮತದ ತೀರ್ಮಾನದಂತೆ ತಳ್ಳುಗಾಡಿಗಳನ್ನು ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಜಪ್ತಿ ಮಾಡಲಾಗುವುದು.”

ಮೆಹರುನ್ನೀಸಾ ಆ ನೋಟೀಸನ್ನು ಗೋಡೆಯಿಂದ ಬಿಡಿಸಿಕೊಂಡು ಕಚೇರಿಗೇ ಬಂದಳು. ಹಿಂದೆಯೇ ಪಿಳ್ಳಮ್ಮ.

“ಮೇಡಂ, ನಾವೇ ಹೇಳಿದ್ವಂತೆ. ಯಾವಾಗ್ ಹೇಳಿದ್ವಿ?” ಎಂದಳು ಮೆಹರುನ್ನೀಸಾ. ನೋಟೀಸನ್ನು ನನ್ನ ಮೇಜಿನ ಮೇಲಿಟ್ಟು ಮುಂದುವರಿಸಿದಳು.

“ರೋಡಲ್ಲಿ ನಿಲ್ಸಿದ್ರೆ ಲಾರಿಯವ್ರು ಎತ್ಕೊಂಡು ಹೋಗ್ತಾರೆ. ಹೋದ್ ಗಾಡಿ ವಾಪಸ್ ಬಂದಿದ್ದು ನೀವ್ ನೋಡಿದೀರಾ? ನಮ್ಮೋರು ನಿಂತ್ಕೊಂಡು ಮಾಡ್ಸಿದ್ ಗಾಡಿ ಅದು. ಅದಿದ್ರೆ ಇಬ್ರು ಹೆಣ್ಮಕ್ಳು ಸ್ಕೂಲಿಗೆ ಹೋಗ್ತಾರೆ. ಇಲ್ದಿದ್ರೆ ನನ್ ಜೊತೆ ಪಾತ್ರೆ ತೊಳೆಯೋಕ್ ಬರ್ತಾರೆ. ಅಷ್ಟೇ ಮೇಡಂ, ಬೇರೆ ಏನೂ ಇಲ್ಲ.”

ಶಿವಪುತ್ರಪ್ಪನವರು ಸಮಾಧಾನವಾಗಿ ಹೇಳಿದರು. “ತಂಗೀ, ಇದು ಆಫೀಸಿನ ತೀರ್ಮಾನ ಆಗಿದ್ರ ನಾನ ಹರದು ಒಗೀತಿದ್ದೆ. ಇದು ಜನರ ತೀರ್ಮಾನ. ಅದನ್ನ ಮುರೀಲಿಕ್ಕೆ ನಾವ್ಯಾರು?”

“ಆ ಜನ ಯಾರು ಸಾರ್? ತೋರ್ಸಿ. ನಾನೇ ಹೋಗಿ ಕಾಲು ಹಿಡ್ಕೋತೀನಿ.”

“ನೀವ ಆ ಜನ.”

“ಆಯ್ತು ಬುಡಿ, ನಮ್ಮ ಕಾಲು ನಾವೇ ಇಡ್ಕೋತೀವಿ” ಎಂದಳು ಪಿಳ್ಳಮ್ಮ. “ಬಗ್ಗಾಕೆ ಜಿಮ್ ಕೊಟ್ಟಿದೀರಲ್ಲ.”

ಜನರ ತೀರ್ಮಾನವನ್ನು ಜನರ ಸಭೆಯೇ ಬದಲಾಯಿಸಬೇಕು, ಮುಂದಿನ ಸಭೆ ಜಿಮ್ ಉದ್ಘಾಟನೆಯ ದಿನ, ಅಂದರೆ ನೋಟೀಸಿನ ಏಳನೇ ದಿನ. ಇಷ್ಟು ಹೇಳಿ ಶಿವಪುತ್ರಪ್ಪನವರು ಅವರನ್ನು ಕಳಿಸಿದರು. ಅವರು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿ, “ಆ ಸಭಾದ್ದೂ ಬರದು ಇಟ್ಬಿಡ್ರಿ. ನಿವಾಸಿಗಳು ಹರ್ಷ ವ್ಯಕ್ತಪಡಿಸಿದರು, ಗಾಡಿಯವರು ಸ್ವಇಚ್ಛೆಯಿಂದ ಜಾಗ ಬಿಟ್ಟರು ಅಂತ” ಎಂದರು.

ಬರೆಯಲು ಕೂತೆ. ಮೇಜಿನ ಮೇಲೆ ನಾನು ಯಾವಾಗಲೂ ಎಡಗೈಯ ಮೊಣಕೈ ಊರುತ್ತಿದ್ದ ಒಂದು ಕಾಗದದ ಕಟ್ಟು ಇತ್ತು. ಬಾಕಿ ಅರ್ಜಿಗಳು. ಎತ್ತರ ಸರಿಯಾಗಿತ್ತು, ಕೈಗೆ ಹಿತವಾಗಿತ್ತು, ಹಾಗಾಗಿ ಬಿಚ್ಚಿರಲಿಲ್ಲ. ಅಂದು ಪೆನ್ನು ಓಡಲಿಲ್ಲ. ಸುಮ್ಮನೆ ಕಟ್ಟಿನ ದಾರ ಎಳೆದೆ. ಮೇಲಿನಿಂದ ಮೂರನೆಯದು ಮೆಹರುನ್ನೀಸಾಳ ಅರ್ಜಿ. “ನನ್ನ ಗಂಡ ಅಬ್ದುಲ್ ರಶೀದ್ ಉರುಫ್ ಬಾಬು ಮರಣ ಹೊಂದಿರುವುದರಿಂದ ಮನೆಯನ್ನು ನನ್ನ ಹೆಸರಿಗೆ ಮಾಡಿಕೊಡಬೇಕಾಗಿ ಪ್ರಾರ್ಥನೆ.” ಮರಣ ಪ್ರಮಾಣಪತ್ರ ಪಿನ್ನಿನಲ್ಲಿ ಚುಚ್ಚಿತ್ತು. ಅರ್ಜಿ ಸ್ವೀಕರಿಸಿದ ಸಹಿ ನನ್ನದೇ.

ಮಕ್ಕಳೇ, ಬಾಬು ಭಾಯ್ ನನಗೆ ಗೊತ್ತಿದ್ದ. ಸೀಬೆಹಣ್ಣಿಗೆ ಉಪ್ಪು ಖಾರ ಸವರಿ ಕಾಗದದಲ್ಲಿ ಕೊಟ್ಟು, “ಮೇಡಂ, ಇದು ಸಭೆಗಲ್ಲ, ನಿಮ್ಗೆ” ಎನ್ನುತ್ತಿದ್ದ. ಅಬ್ದುಲ್ ರಶೀದ್ ಎಂಬ ಹೆಸರೂ ಗೊತ್ತಿತ್ತು, ಪಟ್ಟಿಯಲ್ಲಿ ನೂರು ಸಲ ನೋಡಿದ್ದೆ. ಹೆಸರನ್ನೂ ಮನುಷ್ಯನನ್ನೂ ಒಟ್ಟಿಗೆ ನೋಡುವ ಅಭ್ಯಾಸ ನಮ್ಮ ಕಚೇರಿಯಲ್ಲಿರಲಿಲ್ಲ. ಸತ್ತವನ ಕೈಯಿಂದ ಅವನ ಗಾಡಿಯನ್ನೇ ಹೊರಹಾಕಿಸಿದ್ದೆ. ಅದಕ್ಕೆ ಅವನ ಹೆಂಡತಿಯಿಂದ ನೀರಿನ ಸಾಲಿನಲ್ಲಿ ಸಹಿ ಹಾಕಿಸಿದ್ದೆ. ನಾನು ಆ ಕುರ್ಚಿಯಲ್ಲಿ ಕೂತದ್ದು ಯಾರ ಸಾವಿನಿಂದ ಎಂದು ನಿಮಗೆ ನೆನಪಿಸಬೇಕಾಗಿಲ್ಲ. ಮುಂದಿನ ಸಭೆಯ ಪುಟವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.

ಉದ್ಘಾಟನೆಗೆ ಮೇಲಿನ ಕಚೇರಿಯಿಂದ ಹೊಸ ಅಧಿಕಾರಿಣಿ ಬಂದರು. ಚಿಕ್ಕ ವಯಸ್ಸು, ಚುರುಕು. ಶಾಮಿಯಾನ, ಹೂಗುಚ್ಛ, ಯಂತ್ರಗಳಿಗೆ ರಿಬ್ಬನ್ ಎಲ್ಲ ಇತ್ತು. ಗಾಡಿಗಳು ಕಂಬಕ್ಕೆ ಬಿಗಿದುಕೊಂಡೇ ನಿಂತಿದ್ದವು. ರಸ್ತೆಯಲ್ಲಿ ಅವುಗಳನ್ನು ಒಯ್ಯಲು ಲಾರಿಯೂ ನಿಂತಿತ್ತು. ಟ್ಯಾಂಕರಿನ ದಿನವಲ್ಲದಿದ್ದರೂ ಮೂರೂ ಬ್ಲಾಕಿನ ಹೆಂಗಸರು ಬಂದು ಕೂತಿದ್ದರು. ಪಿಳ್ಳಮ್ಮ ಮನೆಮನೆ ಸುತ್ತಿದ್ದಳು. ನನ್ನ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅದು ಮೊದಲನೇ ಸಭೆ ಎಂದರೂ ತಪ್ಪಲ್ಲ.

“ಅಜೆಂಡಾ ಪ್ರಕಾರ ಹೋಗೋಣ. ಮೊದಲ್ನೇದು ಏನು?” ಎಂದರು ಅಧಿಕಾರಿಣಿ.

ಮೊದಲನೆಯದು ಎಲ್ಲ ಸಭೆಯಲ್ಲೂ ಒಂದೇ. ‘ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು.’ ಪುಸ್ತಕದ ಪ್ರತಿ ಪುಟದಲ್ಲೂ ‘ಓದಲಾಯಿತು’ ಎಂದು ನಾನೇ ಬರೆದಿದ್ದೇನೆ. ಒಂದು ಸಲವೂ ಯಾರೂ ಓದಿರಲಿಲ್ಲ.

“ಓದಿದ್ದಾತು ಅಂತ ಬರಕೊಳ್ರಿ” ಎಂದು ಶಿವಪುತ್ರಪ್ಪನವರು ಪಿಸುಗುಟ್ಟಿದರು.

ನಾನು ಎದ್ದು ನಿಂತೆ. ಮೈಕು ಮುಂದಿಟ್ಟರು, ಅದನ್ನು ಮುಟ್ಟಲು ಹೆದರಿ ದೂರದಿಂದಲೇ ಓದಿದೆ. ನನ್ನ ಜೀವನದಲ್ಲಿ ಗಟ್ಟಿಯಾಗಿ ಓದಿದ್ದು ಹಳ್ಳಿಯ ಶಾಲೆಯಲ್ಲಿ, ಆಮೇಲೆ ಅಂದೇ.

“ಸಭೆಯ ಆರಂಭದಲ್ಲಿ ಶ್ರೀಮತಿ ಪಿಳ್ಳಮ್ಮನವರು ಮಾತನಾಡಿ, ಆರೋಗ್ಯವೇ ಭಾಗ್ಯವೆಂದೂ, ಆಧುನಿಕ ಜೀವನಶೈಲಿಯಿಂದ ಮಹಿಳೆಯರಲ್ಲಿ ದೈಹಿಕ ಚಟುವಟಿಕೆ ಕುಂಠಿತವಾಗಿದೆಯೆಂದೂ ಕಳವಳ ವ್ಯಕ್ತಪಡಿಸಿದರು.”

ಎಲ್ಲರೂ ಪಿಳ್ಳಮ್ಮನ ಕಡೆ ತಿರುಗಿದರು. ಅವಳು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

“ನಾನಾ? ಅಯ್ ಸಿವ್ನೆ, ಇನ್ನೊಂದ್ ಸಲ ಓದಮ್ಮ! ಎಷ್ಟ್ ಚಂದಾಗ್ ಮಾತಾಡಿವ್ನಿ!”

“ಪಿಳ್ಳಕ್ಕ, ಓಟಿಗ್ ನಿಂತ್ಕೊ” ಎಂದು ಯಾರೋ ಕೂಗಿದರು. ಶಾಮಿಯಾನವೆಲ್ಲ ನಗು. ನಾನು ಮುಂದುವರಿಸಿದೆ.

“ತಳ್ಳುಗಾಡಿಗಳು ಸಮುಚ್ಚಯದ ಸೌಂದರ್ಯಕ್ಕೆ ಧಕ್ಕೆ ತರುತ್ತಿದ್ದು, ಅವುಗಳನ್ನು ಕೂಡಲೇ ತೆರವುಗೊಳಿಸಬೇಕೆಂದು ಅವರು ಒತ್ತಾಯಿಸಿದರು.”

“ನನ್ ಗಾಡೀನೂ ಸೇರುಸ್ಕೊಂಡಾ?” ಎಂದಳು ಪಿಳ್ಳಮ್ಮ. ಮತ್ತೆ ನಗು. ಅಧಿಕಾರಿಣಿಯ ತುಟಿಯೂ ಅಲುಗಿತು. ಶಿವಪುತ್ರಪ್ಪನವರು ಮಾತ್ರ ಹೂಗುಚ್ಛದ ಎಲೆಗಳನ್ನು ಎಣಿಸುತ್ತಿದ್ದರು.

ಮುಂದಿನ ಸಾಲು ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಪುಸ್ತಕ ನೋಡಿ ಓದಿದೆ. “ಬಿ ಬ್ಲಾಕ್ ಹದಿನಾಲ್ಕನೇ ಮನೆಯ ಶ್ರೀ ಅಬ್ದುಲ್ ರಶೀದ್ ಅವರು ಇದನ್ನು ಹೃತ್ಪೂರ್ವಕವಾಗಿ ಅನುಮೋದಿಸಿದರು.”

ಅರ್ಧ ಜನ ನಗಲು ಬಾಯಿ ತೆರೆದವರು ಹಾಗೇ ಉಳಿದರು. ಪಕ್ಕದ ಮನೆಯವಳು ಮೆಹರುನ್ನೀಸಾಳ ಕೈ ಹಿಡಿದುಕೊಂಡಳು. ಮೆಹರುನ್ನೀಸಾ ಎದ್ದು ನಿಂತಳು. ಅಳಲಿಲ್ಲ, ಕೂಗಲಿಲ್ಲ.

“ಅವ್ರು ಬಂದಿದ್ರಾ ಮೇಡಂ?” ಎಂದಳು. “ಮೀಟಿಂಗಿಗೆ ಬಂದೋರು ಮನೆಗೂ ಒಂದ್ಸಲ ಬಂದು ಹೋಗ್ಬಹುದಿತ್ತು.”

ಅಧಿಕಾರಿಣಿ ಅತ್ತ ಇತ್ತ ನೋಡಿ, ಏನು ವಿಷಯ ಎಂದರು. ಪಿಳ್ಳಮ್ಮ ಹೇಳಿದಳು. “ಆವಯ್ಯ ಸತ್ತು ಏಳೆಂಟ್ ತಿಂಗ್ಳಾಯ್ತು ಕಣವ್ವ. ಮಣ್ ಮಾಡಾಕ್ ನಾವೂ ಓಗಿದ್ವಿ.”

“ಯಾರು ಬರೆದಿದ್ದು ಇದು?”

ಶಿವಪುತ್ರಪ್ಪನವರು ಬಾಯಿ ತೆರೆದರು. ಅವರೇನು ಹೇಳುತ್ತಿದ್ದರೋ ಗೊತ್ತಿಲ್ಲ. ಒಳ್ಳೆಯವರು, ತಾವೇ ಎಂದು ಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ಮೈಕಿನಲ್ಲಿ ಯಾರೋ “ನಾನು” ಎಂದರು. ನನ್ನ ದನಿ ಅಷ್ಟು ದೊಡ್ಡದು ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ. “ನಾನೇ ಬರೆದಿದ್ದು ಮೇಡಂ. ಸಭೆ ಆಗಿರ್ಲಿಲ್ಲ. ಆ ಚಿತ್ರ ಗಾಡೀದು, ಜಿಮ್ಮಿಂದಲ್ಲ. ಗಾಡಿಗೆ ಬಾಗ್ಲು ಬೇಕು ಅಂತ ಕೇಳಿದ್ರು, ನಾನು ಹೇಳ್ಲಿಲ್ಲ.”

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮೋರಿ, ಟ್ಯಾಂಕರು, ಮೂರನೇ ಮಹಡಿಯ ಸೋರಿಕೆ, ಹಳದಿ ಬಣ್ಣ ಎಲ್ಲ ಬಂತು. ನಾನು ಬರೆದೆ, ಬರೆದು ಮುಗಿಯಲಿಲ್ಲ. ನಿಜವಾದ ಸಭೆ ಎಷ್ಟು ವೇಗವಾಗಿರುತ್ತದೆ, ಎಷ್ಟು ಕೆಟ್ಟ ವ್ಯಾಕರಣದಲ್ಲಿರುತ್ತದೆ ಎಂದು ಅಂದು ತಿಳಿಯಿತು. ಒಬ್ಬರೂ ‘ಅಭಿಪ್ರಾಯಪಡ’ಲಿಲ್ಲ. ನನ್ನ ದುಂಡಗಿನ ಅಕ್ಷರ ಕಾಗೆ ಕಾಲಾಯಿತು. ಮುಕ್ಕಾಲು ಗಂಟೆಯ ಮೇಲೆ ಅಧಿಕಾರಿಣಿ ಲಾರಿಯನ್ನು ವಾಪಸು ಕಳಿಸಿ, ಹಿಂದಿನ ತೀರ್ಮಾನವನ್ನು ಎಲ್ಲರೆದುರು ಕೆಂಪು ಶಾಯಿಯಲ್ಲಿ ಹೊಡೆದುಹಾಕುವಂತೆ ನನಗೆ ಹೇಳಿದರು.

ಸ್ಕೇಲಿಟ್ಟು ಒಂದೊಂದೇ ಸಾಲು ಹೊಡೆಯುತ್ತ ಬಂದೆ. ಪಿಳ್ಳಮ್ಮನ ಆರೋಗ್ಯಭಾಗ್ಯ ಹೋಯಿತು, ಸಮುಚ್ಚಯದ ಸೌಂದರ್ಯ ಹೋಯಿತು. ಕೊನೆಯ ಸಾಲಿಗೆ ಸ್ಕೇಲು ಇಟ್ಟಾಗ ಮೆಹರುನ್ನೀಸಾ ಮೇಜಿನ ಹತ್ತಿರ ಬಂದು ಅದರ ಮೇಲೆ ಕೈ ಇಟ್ಟಳು.

“ನಕ್ಕೋ ಮೇಡಂ, ಬೇಡ. ಅವ್ರ ಹೆಸ್ರು ಹೊಡೀಬೇಡಿ. ಬಾಕಿ ಎಲ್ಲ ಹೊಡೀರಿ.”

“ಹೊಡೀದಿದ್ರೆ ತಪ್ಪಾಗುತ್ತಮ್ಮ” ಎಂದೆ.

“ರೇಷನ್ ಕಾರ್ಡಿಂದ ತೆಗ್ದಾಯ್ತು. ಓಟರ್ ಲಿಸ್ಟಿಂದ ತೆಗ್ದಾಯ್ತು. ಮನೆ ಪತ್ರದಿಂದ ತೆಗೀರಿ ಅಂತ ನಾನೇ ಅರ್ಜಿ ಕೊಟ್ಟಿದೀನಿ. ಎಲ್ಲಾ ಕಡೆ ನಾನೇ ಹೋಗಿ ತೆಗ್ಸಿದ್ದು ಮೇಡಂ. ಒಂದ್ ಪುಸ್ತಕದಲ್ಲಾದ್ರೂ ಇರ್ಲಿ.”

ನಾನು ಅಧಿಕಾರಿಣಿಯನ್ನು ನೋಡಿದೆ. ಅವರು ನಿಯಮ ನೆನಪಿಸಿಕೊಳ್ಳುವಂತೆ ಶಾಮಿಯಾನದ ಬಟ್ಟೆ ನೋಡಿದರು. ಪಿಳ್ಳಮ್ಮ ಜನರ ಕಡೆ ತಿರುಗಿದಳು.

“ಸತ್ತೋನೂ ಎದ್ದು ಬಂದು ಮೀಟಿಂಗ್ ಮಾಡವ್ನೆ, ಅದ್ಯಾಕ್ ಅಳ್ಸಾದು? ಏನ್ರವ್ವ, ಇರ್ಲಾ ಬ್ಯಾಡ್ವಾ?”

ಎಲ್ಲರ ಕೈ ಮೇಲೆ ಹೋಯಿತು. ಬಿಂದಿಗೆ ಇಲ್ಲದ ಕೈಗಳು. ನನ್ನದೂ ಹೋಯಿತೆಂದು ಆಮೇಲೆ ಶಿವಪುತ್ರಪ್ಪನವರು ಹೇಳಿದರು.

ಮುಂದಿನದು ಚಿಕ್ಕದು. ಕಬ್ಬಿಣದ ಬಾಗಿಲು ಬರಲು ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಮೆಹರುನ್ನೀಸಾ ತನ್ನ ಗಾಡಿಯನ್ನು ವ್ಯಾಯಾಮ ಯಂತ್ರಕ್ಕೇ ಸರಪಳಿ ಹಾಕಿ ಬಿಗಿಯುತ್ತಿದ್ದಳು. ಕಂಬಕ್ಕಿಂತ ಅದು ಗಟ್ಟಿ. ಇನ್ನೊಂದು ಯಂತ್ರದ ಸರಳಿಗೆ ಪಿಳ್ಳಮ್ಮ ಸೊಪ್ಪಿನ ಬುಟ್ಟಿ ನೇತುಹಾಕುತ್ತಿದ್ದಳು. ಸಲಹಾ ಸಂಸ್ಥೆಯವರು ಬಂದು ಫೋಟೊ ತೆಗೆದು, ಉಪಕರಣಗಳು ಪ್ರತಿದಿನವೂ ಬಳಕೆಯಲ್ಲಿವೆ ಎಂದು ವರದಿ ಕೊಟ್ಟರು. ಅದರಲ್ಲಿ ಸುಳ್ಳೇನೂ ಇಲ್ಲ. ಹದಿನಾಲ್ಕನೇ ಮನೆ ಸಭೆಯಾದ ವಾರವೇ ಮೆಹರುನ್ನೀಸಾಳ ಹೆಸರಿಗಾಯಿತು. ಕಡತವನ್ನು ನಾನೇ ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ನಡೆದೆ. ನನಗೆ ಕಾರಣ ಕೇಳಿ ನೋಟೀಸು ಬಂತು. ಸುಳ್ಳು ಬರೆದದ್ದೇಕೆ ಎಂದಲ್ಲ. ‘ಅನಗತ್ಯವಾಗಿ ನಡವಳಿಯನ್ನು ಸಾರ್ವಜನಿಕವಾಗಿ ಓದಿದ್ದೇಕೆ’ ಎಂದು. ಉತ್ತರ ಬರೆಯಲು ಶಿವಪುತ್ರಪ್ಪನವರೇ ಸಹಾಯ ಮಾಡಿದರು.

ಸಿಂಚನಾ, ನಿನ್ನ ಕೈಯಲ್ಲಿ ಈಗ ಪುಸ್ತಕವಿಲ್ಲ, ಗಾಜಿನ ಹಲಗೆ ಇದೆ. ಅದರಲ್ಲಿ ನಗುವ ಮುಖ, ಅಳುವ ಮುಖ ಇವೆ, ಜನ ಒಂದನ್ನು ಒತ್ತಬೇಕು ಎಂದು ಮೊನ್ನೆ ನನಗೆ ತೋರಿಸಿದೆ. ಎಲ್ಲರ ಪರವಾಗಿ ನಗುವ ಮುಖವನ್ನು ನೀನೇ ಒತ್ತಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ನಗುತ್ತ ಹೇಳಿದೆ. ನಾನು ಆಗ ಮಾತಾಡಲಿಲ್ಲ. ಅದಕ್ಕೇ ಇಷ್ಟು ಬರೆದೆ. ಸಭೆಗೆ ಹೋಗುವಾಗ ಹಲಗೆ ಖಾಲಿ ಇರಲಿ. ಬಂದ ಮೇಲೆ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳು.

ನಾನು ನಿವೃತ್ತಳಾಗುವ ತಿಂಗಳು ತಪಾಸಣೆಯವರು ಆ ನಡವಳಿ ಪುಸ್ತಕ ತರಿಸಿಕೊಂಡರು. ಕೆಂಪು ಗೆರೆಗಳ ಪುಟದ ನಡುವೆ ಒಂದು ಹೆಸರು ಮಾತ್ರ ಹೊಡೆಯದೆ ಉಳಿದದ್ದು ಅವರ ಕಣ್ಣಿಗೆ ಬಿತ್ತು. ‘ಮೃತ ವ್ಯಕ್ತಿಯ ಹೆಸರನ್ನು ಉಳಿಸಿಕೊಂಡಿರುವುದು ಯಾವ ಆದೇಶದ ಮೇರೆಗೆ? ವಿವರಣೆ ನೀಡಿ’ ಎಂದು ಅಂಚಿನಲ್ಲಿ ಬರೆದು ಕಳಿಸಿದರು. ನಾನು ಅದರ ಕೆಳಗೆ, ಎಷ್ಟೋ ವರ್ಷಗಳಿಂದ ಬರೆದು ಬರೆದು ಕೈಗೆ ರೂಢಿಯಾಗಿದ್ದ ಒಂದು ಸಾಲನ್ನು, ಮೊದಲ ಸಲ ಯೋಚಿಸಿ ಬರೆದೆ.

“ನಿವಾಸಿಗಳ ಸರ್ವಾನುಮತದ ತೀರ್ಮಾನದಂತೆ.”